ರಾಣಿಯಿಲ್ಲದ ಒಂದು ದಿನ

ಬೈರಾಪಟ್ಟಣದ ತೆಂಗಿನ ತೋಟವೊಂದರಲ್ಲಿ ಸಂಶೋಧನೆಗೆಂದು ಜೇನುಪೆಟ್ಟಿಗೆ ಇಟ್ಟಿದ್ದೆ. ರಾಣಿ ಇಲ್ಲದಾಗ ಹುಳುಗಳ ಸದ್ದು ಹೇಗೆ ಬದಲಾಗುತ್ತದೆಂದು ತಿಳಿಯಲು, ಒಂದು ಬೆಳಿಗ್ಗೆ ರಾಣಿಯನ್ನು ಹಿಡಿದು ಸಣ್ಣ ಡಬ್ಬಿಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯೊಳಗಿಂದ ನರಳುವಂಥ ಸದ್ದು ಏಳತೊಡಗಿತು. ತೋಟದ ಒಡತಿ ಕೆಲಸ ಬಿಟ್ಟು ಬಂದು ನಿಂತರು.

“ಅವ್ವನ್ನ ಕೂಗ್ತಾವೆ ಕಣವ್ವ. ಬುಟ್ಬುಡು,” ಎಂದರು.

“ನಾಳೆ ಬಿಡ್ತೀನಿ ಅಕ್ಕ,” ಎಂದು ರೆಕಾರ್ಡ್ ಮಾಡುತ್ತಲೇ ಇದ್ದೆ.

ಮರುದಿನ ರಾಣಿಯನ್ನು ಒಳಗೆ ಬಿಟ್ಟೆ. ಹುಳುಗಳು ಅವಳನ್ನು ಗುರುತಿಸಲಿಲ್ಲ. ಉಂಡೆಯಂತೆ ಮುತ್ತಿಕೊಂಡು ಕೊಂದುಬಿಟ್ಟವು. ಆ ಅಕ್ಕ ಸತ್ತ ರಾಣಿಯನ್ನು ಅಂಗೈಯಲ್ಲಿಟ್ಟುಕೊಂಡು, “ನಿನ್ ಕೈ ವಾಸ್ನೆ ಅಂಟ್ಕಂಡಿತ್ತೇನೋ,” ಎಂದು ಮೆಲ್ಲಗೆ ಹೇಳಿದರು.

ನನ್ನ ಪ್ರಬಂಧ ಒಪ್ಪಿಗೆಯಾಗಿ ವರ್ಷಗಳಾದವು. ಈಗಲೂ ಯಾವುದೇ ಪೆಟ್ಟಿಗೆ ತೆರೆಯುವ ಮುನ್ನ ಕೈ ಮೂಸಿ ನೋಡಿಕೊಳ್ಳುತ್ತೇನೆ.