ಗುಲಾಬಿ ಹಬ್ಬಕ್ಕೆ ಬಂದ ನೇರಳೆ ಲಂಗ

ಸೇಂಟ್ ಲೂಸಿಯಾ ದ್ವೀಪದ ಮಿಕೂ ಊರಿನಲ್ಲಿ ಮರಗೆಣಸಿನ ರೊಟ್ಟಿ ಮಾರುವ ಇಸ್ಮೆನ್‌ಗೆ ತನ್ನ ಗಂಟಲಿನ ಬಗ್ಗೆ ಎಳ್ಳಷ್ಟೂ ಸಂಕೋಚವಿಲ್ಲ. ಅಕ್ಟೋಬರಿನ ಮಾರ್ಗರಿಟ್ ಹೂವಿನ ಹಬ್ಬಕ್ಕೆ ಸೊಲ್ಲು ಎತ್ತುವವಳು ಅವಳೇ. ನೇರಳೆ ಬಣ್ಣ ತೊಟ್ಟ ಸಂಘವೆಲ್ಲ ಅವಳ ಹಿಂದೆ ದನಿಗೂಡಿಸಬೇಕು. ಎದುರಾಳಿ ಸಂಘದ್ದು ಆಗಸ್ಟಿನ ಗುಲಾಬಿ ಹಬ್ಬ; ಅಲ್ಲಿ ಹಾಡುವವಳು ಅವಳ ತಂಗಿ ವೆರ್ಲಿನ್. ಮದುವೆಯಾಗಿ ಗಂಡನ ಸಂಘ ಸೇರಿದವಳು. ಗಂಡ ಸಿಕ್ಕಿದನೆಂದು ಹೂವು ಬದಲಿಸುವುದೇ? ಅಂದಿನಿಂದ ಅಕ್ಕತಂಗಿಯರು ಮಾತು ಬಿಟ್ಟಿದ್ದರು. ಬೈಗುಳವೆಲ್ಲ ಹಾಡಿನಲ್ಲೇ.

ಈ ವರ್ಷ ಗಂಟಲಿಗೆ ಆಪರೇಷನ್ ಆಗಿ ವೆರ್ಲಿನ್ ದನಿ ಹೋಯಿತು. ಗುಲಾಬಿಯವರಲ್ಲಿ ಸೊಲ್ಲು ಹಿಡಿಯುವವರಿದ್ದರು, ಎತ್ತುವವರಿರಲಿಲ್ಲ. ಹಬ್ಬದ ದಿನ ಅವಳ ಹಾಡು ಏಳದಿದ್ದರೆ ಹಾಡುಗಾರ್ತಿಯ ಕುರ್ಚಿ ಮುಂದಿನ ವರ್ಷಕ್ಕೆ ಬೇರೆಯವಳ ಪಾಲು ಎಂದು ಊರಲ್ಲಿ ಸುದ್ದಿಯಾಯಿತು. ಸುದ್ದಿ ಕೇಳಿದ ಇಸ್ಮೆನ್ ರೊಟ್ಟಿ ತಟ್ಟುತ್ತಲೇ ತಂಗಿಯ ಹಾಡುಗಳನ್ನು ಗುನುಗಿದಳು. ಆ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಎದುರು ಹಾಡು ಕಟ್ಟಬೇಕಾದವಳು ಅವಳೇ ತಾನೆ!

ಹಬ್ಬದ ದಿನ ಚರ್ಚಿನ ಪೂಜೆ ಮುಗಿಸಿ ಗುಲಾಬಿಯವರು ಸಭಾಂಗಣ ಸೇರುತ್ತಿದ್ದಂತೆ, ಇಸ್ಮೆನ್ ತನ್ನ ನೇರಳೆ ಲಂಗದಲ್ಲೇ ಬಾಗಿಲಿಗೆ ಬಂದಳು. ಹಬ್ಬದ ಮಟ್ಟಿಗೆ ಪೊಲೀಸನಾಗಿದ್ದ ಮೀನುಗಾರ ಫೆಲಿಸ್ಯೆನ್ ಮರದ ಕತ್ತಿ ಅಡ್ಡ ಹಿಡಿದ.

"ಏನಕ್ಕಾ, ದಾರಿ ತಪ್ತಾ? ನಿಮ್ ಹಬ್ಬ ಅಕ್ಟೋಬರಲ್ಲಿ!"

"ಆಮೇಲೆ ಅರೆಸ್ಟ್ ಮಾಡ್ಕೊಳೋ ಮಾರಾಯ. ಈಗ ದಾರಿ ಬಿಡು."

ಗುಲಾಬಿಯ ರಾಜ ರಾಣಿ ವೇಷದವರಿಗೆ ಜನ್ಮದಲ್ಲಿ ಮೊದಲ ಸಲ ಮಂಡಿ ಬಗ್ಗಿಸಿ, ನೆಟ್ಟಗೆ ತಂಗಿಯ ಕುರ್ಚಿಯ ಹಿಂದೆ ಹೋಗಿ ನಿಂತಳು. ವೆರ್ಲಿನ್ ತಲೆ ಎತ್ತಲಿಲ್ಲ. ಇಸ್ಮೆನ್ ಎತ್ತಿದ್ದು ವೆರ್ಲಿನ್ ಕಟ್ಟಿದ ಹಾಡನ್ನೇ, ಊರೆಲ್ಲ ಬಲ್ಲ ಹಾಡನ್ನೇ:

"ಅಕ್ಕನ ರೊಟ್ಟಿ ಕಚ್ಚಿದೆ, ಹಲ್ಲು ಹೋಯಿತು,
ಅಕ್ಕನ ಹಾಡು ಕೇಳಿದೆ, ಕಿವಿ ಹೋಯಿತು!"

ಒಂದಕ್ಷರವನ್ನೂ ನುಂಗದೆ, ತನ್ನ ಮಾನವನ್ನು ತಾನೇ ಕೊಳ್ಳೆ ಹೊಡೆಯುತ್ತ, ತುಂಬು ಗಂಟಲಲ್ಲಿ ಹಾಡಿದಳು. ಡೋಲು ಬಿತ್ತು, ಸೂರು ಹಾರುವಂತೆ ಗುಲಾಬಿಯವರೆಲ್ಲ ದನಿಗೂಡಿಸಿದರು. ವೆರ್ಲಿನ್ ಅಳುತ್ತ ನಗುತ್ತ ತೊಡೆ ತಟ್ಟಿ ತಾಳ ಹಾಕಿದಳು.

ಹಾಡು ಮುಗಿದಾಗ ಅವಳು ಅಕ್ಕನ ಎಡಗೈ ಹಿಡಿದು ಏನೋ ಹೇಳಲು ಹೋದಳು. ಬಂದದ್ದು ಬರೀ ಗಾಳಿ.

"ಸುಮ್ನಿರೇ, ಗಂಟಲು ಕೆಡುತ್ತೆ," ಎಂದಳು ಇಸ್ಮೆನ್. "ಅಕ್ಟೋಬರಿಗೆ ನಿನ್ ಮೇಲೆ ಒಂದು ಕಟ್ಟಿದೀನಿ. ಕೇಳಿದ್ರೆ ಉರ್ಕೊಳ್ತೀಯ. ಬೇಗ ಹುಷಾರಾಗು, ತಿರುಗಿ ಬೈಯೋಕೆ ನೀನು ಬೇಕು."

ಫೆಲಿಸ್ಯೆನ್ ಹಗ್ಗ ಹಿಡಿದು ಬಂದ. "ನೇರಳೆ ಲಂಗದ ಅಪರಾಧ! ಎರಡೂ ಕೈ ಮುಂದೆ ಚಾಚಿ."

ಇಸ್ಮೆನ್ ಬಲಗೈಯನ್ನಷ್ಟೇ ಚಾಚಿದಳು.

"ಒಂದಕ್ಕೇ ಕಟ್ಕೊಳೋ. ಇನ್ನೊಂದು ಖಾಲಿಯಿಲ್ಲ."