ಅಪ್ಪನ ಮೋಟಾರ್ ಸೈಕಲ್ಲಿಗೆ ತೊಡಿಸಿದ ಬಳೆ

ನಾನು ಚಿಕ್ಕವಳಿದ್ದಾಗ ಗಂಗಾನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದವು. ನಮ್ಮ ಮನೆಯ ಹಿಂದೆ ಒಂದು ದ್ರಾಕ್ಷಿ ತೋಟವಿತ್ತು. ಅದಕ್ಕೆ ಔಷಧಿ ಹೊಡೆದ ದಿನ ಅಡುಗೆಮನೆಯವರೆಗೂ ಗಂಧಕದ ವಾಸನೆ ಬರುತ್ತಿತ್ತು. ಬೀದಿಯಲ್ಲಿ ಮೋಟಾರ್ ಸೈಕಲ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಯ್ಯೋ, ಅದರ ಜಂಬ ನಮಗೆಷ್ಟಿತ್ತು ಅಂತ ಕೇಳಬೇಡಿ! ಅದು ನನ್ನ ಅಕ್ಕನಿಗಿಂತ ವಯಸ್ಸಾದ ಪರದೇಶದ ಗಾಡಿ. ಅದನ್ನು ಮಾಡಿದ ಕಂಪನಿ ಯಾವತ್ತೋ ಬಾಗಿಲು ಮುಚ್ಚಿತ್ತು. ಏನಾದರೂ ಮುರಿದರೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಪ್ಪ ದಿನವೂ ಅದರ ಮೇಲೇ ಯಶವಂತಪುರದ ಕಾರ್ಖಾನೆಗೆ ಹೋಗಿ ಬರುತ್ತಿದ್ದರು.

ಭಾನುವಾರ ಬಂತೆಂದರೆ ಅಪ್ಪ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಒರೆಸಲು ಕೂರುತ್ತಿದ್ದರು. ಅಕ್ಕ ಆಗ ಹೈಸ್ಕೂಲು. ಲಂಗ ಎತ್ತಿ ಸಿಕ್ಕಿಸಿಕೊಂಡು ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು. ಎಂಜಿನ್ನಿನ ನೆತ್ತಿಯಲ್ಲಿ ಕೂರುವ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚುವುದು, ಅದರ ಮಸಿಯನ್ನು ಉಪ್ಪುಕಾಗದದಿಂದ ಉಜ್ಜುವುದು, ಮತ್ತೆ ಹಾಕುವುದು, ಎಲ್ಲವನ್ನೂ ಅಪ್ಪ ಅವಳಿಗೆ ಕಲಿಸುತ್ತಿದ್ದರು. ಮೊದಲು ಬೆರಳಿನಿಂದಲೇ ತಿರುಗಿಸಬೇಕು, ಕೊನೆಗೆ ಮಾತ್ರ ಪಾನದಿಂದ ಸ್ವಲ್ಪ ಬಿಗಿ ಮಾಡಬೇಕು ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಪಾನ ಎಂದರೆ, ಮಕ್ಕಳೇ, ನೀವು ಸ್ಪ್ಯಾನರ್ ಅನ್ನುತ್ತೀರಲ್ಲ, ಅದೇ.

ಅಪ್ಪನ ಅಮ್ಮ, ಅಂದರೆ ನಮ್ಮ ಅಜ್ಜಿಗೆ ಇದು ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ಆ ಭಾನುವಾರ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಶುರು ಹಚ್ಚಿಕೊಂಡರು.

"ಹೆಣ್ಣುಹುಡುಗಿ ಕೈಗೆ ಯಾಕೋ ಕೊಡ್ತೀಯ ಅದನ್ನ? ಅವಳ ಕೈಲಿ ಶಕ್ತಿ ಎಲ್ಲಿದೆ? ಸಡಿಲ ಬಿಟ್ಟು, ನೀನು ದಾರೀಲಿ ಬಿದ್ದು ಗಿದ್ದು..."

"ಏನೂ ಆಗಲ್ಲ ಬಿಡಮ್ಮ," ಎಂದು ನಗುತ್ತಾ ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದರು.

ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಶಕ್ತಿ ಇಲ್ಲ ಅಂದ್ರಾ? ತೋರಿಸ್ತೀನಿ ಇರಿ ಅಂತ ಮನಸ್ಸಿನಲ್ಲೇ ಅಂದುಕೊಂಡಳೋ ಏನೋ! ಪ್ಲಗ್ಗನ್ನು ತೂತಿನ ಬಾಯಿಗಿಟ್ಟು, ಬೆರಳಿನಿಂದ ತಿರುಗಿಸದೆ ಸೀದಾ ಪಾನ ಹಾಕಿದಳು. ಪ್ಲಗ್ ಓರೆಯಾಗಿ ಕೂತಿತ್ತು. ಅದು ಬಿಗಿಯಾದಷ್ಟೂ ಅಕ್ಕ ಹಲ್ಲು ಕಚ್ಚಿ ಒತ್ತಿದಳು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಆಮೇಲೆ ಇದ್ದಕ್ಕಿದ್ದಂತೆ ಪಾನ ಸಲೀಸಾಗಿ ತಿರುಗಿತು. ಪ್ಲಗ್ ಕೈಗೇ ಕಿತ್ತು ಬಂತು. ಅದರ ಸುತ್ತ ಬೆಳ್ಳಿಯಂಥ ಪುಡಿ ಅಂಟಿಕೊಂಡಿತ್ತು. ಅಕ್ಕನ ಮುಖ ಬಿಳಚಿಕೊಂಡಿತು.

ಅಪ್ಪ ಬಂದರು. ತೂತಿನೊಳಗೆ ಬೆರಳು ಆಡಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹೋಗಿ ಚಾಚಾನ್ನ ಕರ್ಕೊಂಡು ಬಾ," ಎಂದು ನನಗೆ ಹೇಳಿ ಗಾಡಿಯ ಪಕ್ಕ ಕುಸಿದು ಕೂತರು.

ಚಾಚಾ ಅಂದರೆ ನಮ್ಮ ಬೀದಿಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ ಗ್ಯಾರೇಜ್ ಇಟ್ಟುಕೊಂಡಿದ್ದವರು. ಅವರು ಬಂದು ಬಗ್ಗಿ ನೋಡಿ ಬಾಯಲ್ಲಿ 'ಚ್ಚ್ ಚ್ಚ್' ಎಂದರು. "ಚೂಡಿ ಪೂರಾ ಹೋಗ್ಬಿಟ್ಟೈತೆ ಸಾರ್."

ನನಗೆ ಆಗ ಪಕ್ಕದ ಬೀದಿಯ ಗೆಳತಿಯರಿಂದ ನಾಲ್ಕಾರು ಉರ್ದು ಮಾತು ಬರುತ್ತಿತ್ತು. ಚೂಡಿ ಎಂದರೆ ಬಳೆ! ಯಾರೂ ಕೇಳದಿದ್ದರೂ ಒಳಗೆ ಓಡಿ, ಅವರೆಕಾಳು ತೊಳೆಯುತ್ತಿದ್ದ ಅಜ್ಜಿಗೆ ಸುದ್ದಿ ಮುಟ್ಟಿಸಿದೆ. "ಅಜ್ಜೀ, ಅಕ್ಕ ಬಳೆ ಒಡೆದು ಹಾಕಿದ್ಲಂತೆ! ಪೂರ್ತಿ ಹೋಯ್ತಂತೆ!"

"ಬಿಡ್ತು ಅನ್ನು! ಬಿಡ್ತು ಅನ್ನೇ!" ಅಜ್ಜಿ ಪಾತ್ರೆಯನ್ನು ಅಲ್ಲೇ ಕುಕ್ಕಿದರು. "ಬಳೆ ಒಡೀತು ಅಂತಾರೇನೇ ಯಾರಾದ್ರೂ? ಬಳೆ ಹೆಚ್ಚಿತು ಅನ್ಬೇಕು!"

ಮುತ್ತೈದೆಯರ ಮನೆಯಲ್ಲಿ ಬಳೆ ಒಡೆಯಿತು ಎನ್ನುವುದು ಅಪಶಕುನ ಎಂದು ಆಗ ನಂಬುತ್ತಿದ್ದರು. ಅಜ್ಜಿ ಒದ್ದೆ ಕೈಯಲ್ಲೇ ಅಂಗಳಕ್ಕೆ ಓಡಿ ಬಂದು ಅಕ್ಕನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. ಹಸಿರು ಗಾಜಿನ ಬಳೆಗಳು ಒಂದೂ ಕದಲದೆ ಇದ್ದವು. ಅಜ್ಜಿ ಕಕ್ಕಾಬಿಕ್ಕಿ! ವಿಷಯ ತಿಳಿದ ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಮ್ಮಾವ್ರೇ, ಹೆಚ್ಚಿರೋದು ಗಾಡಿ ಬಳೆ! ನಮ್ಮ ಕಡೆ ಇದಕ್ಕೂ ಚೂಡೀನೇ ಅಂತೀವಿ."

ಬಾಟಲಿಯ ಮುಚ್ಚಳದೊಳಗೆ ಸುತ್ತು ಸುತ್ತಾಗಿ ಗೆರೆ ಇರುತ್ತದಲ್ಲ, ಅಂಥದ್ದೇ ಗೆರೆಗಳು ಪ್ಲಗ್ ಕೂರುವ ತೂತಿನಲ್ಲೂ ಇರುತ್ತವೆ. ಮೆಕ್ಯಾನಿಕ್ಕುಗಳು ಅದನ್ನು ಚೂಡಿ ಎನ್ನುತ್ತಾರೆ. ಅಕ್ಕನ ಶಕ್ತಿಗೆ ಆ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಇನ್ನು ಯಾವ ಪ್ಲಗ್ಗೂ ಅಲ್ಲಿ ನಿಲ್ಲುವಂತಿರಲಿಲ್ಲ.

ಆಮೇಲೆ ಚಾಚಾ ನಗು ನಿಲ್ಲಿಸಿ ಅಪ್ಪನಿಗೆ ಹೇಳಿದರು. "ತೂತು ದೊಡ್ಡದು ಮಾಡಿ, ಉಂಗುರದ ಥರ ಒಂದು ಹಿತ್ತಾಳೆ ಬುಷ್ ಕೂರಿಸ್ಬೇಕು. ಅದರ ಹೊರಗೂ ಚೂಡಿ, ಒಳಗೂ ಚೂಡಿ. ಆದ್ರೆ ಹಳೇ ಅಲ್ಯೂಮಿನಿಯಂ ಸಾರ್. ಒಂದು ಬಿರುಕು ಬಿಟ್ರೆ ಮುಗೀತು, ಗುಜರಿಗೇ."

ಅಪ್ಪ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟರು. "ಆಗಲಿ, ಮಾಡಿ," ಎಂದರು.

ಅಕ್ಕ ಪಾನವನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. "ನಾನಿನ್ನು ಯಾವತ್ತೂ ಇದನ್ನ ಮುಟ್ಟಲ್ಲಪ್ಪ," ಎಂದಳು. ಅಜ್ಜಿ, "ಈಗ್ಲಾದ್ರೂ ಬುದ್ಧಿ ಬಂತಲ್ಲ," ಎಂದರು. ನನಗೆ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು.

ಎಂಜಿನ್ನಿನ ತಲೆಯನ್ನು ಬಿಚ್ಚಿ ಗ್ಯಾರೇಜಿಗೆ ಒಯ್ದರು. ಚಾಚಾ ಹಿತ್ತಾಳೆಯ ತುಂಡೊಂದನ್ನು ಲೇತಿಗೆ ಕಟ್ಟಿ ಕಡೆದರು. ಚಿನ್ನದ ಬಣ್ಣದ ಸುರುಳಿಗಳು ನೆಲಕ್ಕೆ ಬೀಳುತ್ತಿದ್ದವು. ನಾನು ಅವನ್ನು ಆಯ್ದು ಲಂಗದಲ್ಲಿ ತುಂಬಿಕೊಂಡು ಬೆರಳು ಕುಯ್ದುಕೊಂಡೆ. ಅಕ್ಕ ಒಳಗೆ ಬರಲಿಲ್ಲ. ಹೊಂಗೆ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದಳು.

ತೂತನ್ನು ದೊಡ್ಡದು ಮಾಡಿದ ಮೇಲೆ ಚಾಚಾ ಅದಕ್ಕೆ ಸೀಮೆಎಣ್ಣೆ ಬಿಟ್ಟು ಹೊಸ ಗೆರೆ ಕೊರೆಯಲು ಶುರು ಮಾಡಿದರು. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಸ್ವಲ್ಪ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಪ್ರತಿ ಸಲ 'ಕಿರ್ರ್' ಎಂದಾಗಲೂ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಜ್ಜಿಯೂ ಬಂದರು. ಚಿತ್ರಾನ್ನದ ಡಬ್ಬಿ ನೆಪ ಅಷ್ಟೆ, ಮನೆಯಲ್ಲಿ ಕೂರಲು ಅವರಿಗೂ ಆಗಿರಲಿಲ್ಲ! ಬುಷ್ಷನ್ನು ತೂತಿಗೆ ತಿರುಗಿಸುವ ಹೊತ್ತಿಗೆ ಅಜ್ಜಿಯಿಂದ ತಡೆಯಲಾಗಲಿಲ್ಲ.

"ಮೆಲ್ಲಗೆ ಕಣಪ್ಪ, ಬಳೆಗಾರ ಎಳೇ ಕೈಗೆ ತೊಡಿಸೋ ಹಾಗೆ ತೊಡಿಸು."

"ಹಂಗೇ ಅಮ್ಮಾವ್ರೇ, ಹಂಗೇ," ಎಂದ ಚಾಚಾ ನಿಜವಾಗಿಯೂ ಹಾಗೆಯೇ ತೊಡಿಸಿದರು. ಹಿತ್ತಾಳೆ ಬಳೆ ಒಳಗೆ ಹೋಗಿ ಕೂತಿತು. ಕನ್ನಡಕ ಏರಿಸಿ ಸುತ್ತಲೂ ನೋಡಿದರು, ಬೆಳಕಿಗೆ ಹಿಡಿದು ಮತ್ತೆ ನೋಡಿದರು. ಎಲ್ಲಿಯೂ ಬಿರುಕಿರಲಿಲ್ಲ. ಅಪ್ಪ ಬಿಟ್ಟ ನಿಟ್ಟುಸಿರು ಅಕ್ಕ ನಿಂತಿದ್ದಲ್ಲಿಗೂ ಕೇಳಿಸಿರಬೇಕು.

ಸಂಜೆ ಅಂಗಳದಲ್ಲಿ ಗಾಡಿಯನ್ನು ಮತ್ತೆ ಜೋಡಿಸಿದರು. ಪ್ಲಗ್ ಹಾಕುವುದೊಂದು ಬಾಕಿ ಇತ್ತು. ಚಾಚಾ ಅದಕ್ಕೆ ಕೈ ಚಾಚಿದರು. ಅಪ್ಪ ಅದನ್ನು ಅವರಿಗೆ ಕೊಡದೆ ಅಕ್ಕನನ್ನು ಕರೆದರು.

"ಬಾ, ಹಾಕು."

"ಬೇಡಪ್ಪ. ಮತ್ತೆ ಹಾಳಾದ್ರೆ?"

"ಆದ್ರೆ ಆಗ್ಲಿ. ಹಾಕೋಳು ನೀನೇ."

ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಅಪ್ಪ ಅವರತ್ತ ಒಮ್ಮೆ ನೋಡಿದರು. ಅಜ್ಜಿ ಬಾಯಿ ಮುಚ್ಚಿಕೊಂಡರು. ನನ್ನ ಜೀವಮಾನದಲ್ಲಿ ಅಜ್ಜಿ ಹಾಗೆ ಸುಮ್ಮನಾದದ್ದನ್ನು ನಾನು ಮತ್ತೆ ನೋಡಿಲ್ಲ!

ಅಕ್ಕ ಎರಡು ಬೆರಳಿನಲ್ಲಿ ಪ್ಲಗ್ ಹಿಡಿದು ಹೊಸ ತೂತಿಗಿಟ್ಟು ತಿರುಗಿಸಿದಳು. ಅದು ಬೆಣ್ಣೆಯೊಳಗೆ ಹೋದಂತೆ ಹೋಯಿತು. ಕೊನೆಗೆ ಪಾನ ಹಾಕಿ ಸ್ವಲ್ಪವೇ ಒತ್ತಿ ಕೈ ತೆಗೆದಳು. ಅಪ್ಪ ಕಿಕ್ ಹೊಡೆದರು. ಮೊದಲ ಕಿಕ್ಕಿಗೆ ಬರೀ ಕೆಮ್ಮು. ಅಕ್ಕ ಕಿವಿ ಮುಚ್ಚಿಕೊಂಡಳು. ಇನ್ನೊಂದು ಕಿಕ್ಕಿಗೆ ಗಾಡಿ 'ಡುಗ್ ಡುಗ್ ಡುಗ್' ಎಂದು ಶುರುವಾಗಿಬಿಟ್ಟಿತು! ಅಕ್ಕ ಅಪ್ಪನ ಸೊಂಟವನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಅಷ್ಟು ಹೊತ್ತು ತಡೆದಿಟ್ಟಿದ್ದ ಅಳು ಅದು. ಚಾಚಾ ಚಪ್ಪಾಳೆ ತಟ್ಟಿದರು. ಅಜ್ಜಿ, "ಸಾಕು ನಿಲ್ಸ್ರೋ, ಕಿವಿ ತೂತಾಯ್ತು," ಎಂದು ಬೈಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಆ ದ್ರಾಕ್ಷಿ ತೋಟವೂ ಇಲ್ಲ, ಹೊಂಗೆ ಮರವೂ ಇಲ್ಲ. ಹೆಬ್ಬಾಳದ ಸೇತುವೆಗಳ ಮೇಲೆ ನಿಮ್ಮ ಅಮ್ಮಂದಿರು ಸ್ಕೂಟರ್ ಓಡಿಸಿಕೊಂಡು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಒಳ್ಳೆಯದೇ ಆಯಿತು. ಏನಾದರೂ ಕೆಟ್ಟರೆ ಫೋನ್ ಒತ್ತುತ್ತೀರಿ, ಸಂಜೆಯೊಳಗೆ ಹೊಸದು ಬಾಗಿಲಿಗೇ ಬರುತ್ತದೆ. ಅದೂ ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಮೊನ್ನೆ ನಮ್ಮ ಪುಟ್ಟ, ಇಲ್ಲೇ ಕೂತಿದ್ದಾನಲ್ಲ, ಇವನು ಮಿಕ್ಸಿಯ ಜಾರನ್ನು ಅಡ್ಡಾದಿಡ್ಡಿ ತಿರುಗಿಸಿ ಮುರಿದಾಗಲೂ ಸಂಜೆಗೆ ಹೊಸದು ಬಂತು. ಯಾರೂ ಅವನನ್ನು ಬೈಯಲಿಲ್ಲ. ಆದರೆ ಅವತ್ತಿನಿಂದ ಅವನು ಮಿಕ್ಸಿಯ ಹತ್ತಿರ ಸುಳಿದಿಲ್ಲ. ನಾನು ನೋಡಿಲ್ಲ ಅಂದುಕೊಂಡಿದ್ದೀಯೇನೋ?

ನಾಳೆ ಬೆಳಿಗ್ಗೆ ದೋಸೆ ಮಾಡುತ್ತೇನೆ. ಕಾಯಿ ತುರಿದು ಇಟ್ಟಿರುತ್ತೇನೆ, ಪುಟ್ಟ. ಚಟ್ನಿ ರುಬ್ಬುವವನು ನೀನೇ.