ನಾನಿದ್ದಾಗ ನಲವತ್ತು

ಕಳೆದ ಸೋಮವಾರ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಇದೇ ಅಂಕಣದ ಹಳೆಯ ಕಟಿಂಗ್ ಒಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

ಯಾರೋ ಅಭಿಮಾನಿ ಅಂದುಕೊಂಡೆ. (ಈ ವಯಸ್ಸಿನಲ್ಲೂ ಆ ಆಸೆ ಹೋಗುವುದಿಲ್ಲ ನೋಡಿ.) ಕಾಫಿಗೆ ಇಡಲು ಒಳಗೆ ಹೊರಟೆ. ಅವಳು ಕೂರಲೇ ಇಲ್ಲ.

"ಟ್ರ್ಯಾಕ್ಸ್ ಕೊಟ್ರೇಶಿ ಮನಿಯಾಕಿರಿ ನಾನು. ನಮ್ಮನಿಯವರು ನಿಧಾನ ಗಾಡಿ ಹೊಡೀತಾರ ಅಂತ ನೀವು ಪೇಪರಿನಾಗ ಬರದಿದ್ರಲ್ಲ, ಅದನ್ನ ಒಂದು ಹಾಳ್ಯಾಗ ಬರದು ಸೈನ್ ಹಾಕಿ ಕೊಡ್ರಿ ಅಮ್ಮಾರ. ವಕೀಲರು ಕೇಳ್ಯಾರ."

ಕಾಫಿ ಮರೆತೇ ಹೋಯಿತು.

ನಿಮಗೆ ನೆನಪಿರಬಹುದು. ಎರಡು ವರ್ಷದ ಹಿಂದೆ ಕೊಟ್ರೇಶನ ಬಗ್ಗೆ ಬರೆದಿದ್ದೆ. ಹರಪನಹಳ್ಳಿಯಿಂದ ಹಡಗಲಿಗೆ ಟ್ರ್ಯಾಕ್ಸ್ ಓಡಿಸುವವನು. ನಾನು ರಿಟೈರ್ ಆದ ಮೇಲೂ ಪ್ರತಿ ಮಂಗಳವಾರ ಮಧ್ಯಾಹ್ನ ಅವನ ಗಾಡಿಯಲ್ಲೇ ಹೊರಟು, ಅರ್ಧ ದಾರಿಯಲ್ಲಿರುವ ಹಳ್ಳಿಯ ಹೈಸ್ಕೂಲಿನ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಮುಂದಿನ ಸೀಟು, ಕಿಟಕಿ ಪಕ್ಕ, ನನಗೇ ರಿಸರ್ವ್. ಟೀಚರಮ್ಮ ಅಲ್ಲವೇ?

ಮೊದಲ ದಿನ ಅವನು ಗಾಡಿಯನ್ನು ಓಡಿಸಲಿಲ್ಲ, ಹಾರಿಸಿದ. ನಾನು ಬಿಡುವವಳೇ? "ಏನಪಾ, ಮನ್ಯಾಗ ಹೆಂಡ್ತಿ ಮಕ್ಕಳು ಇಲ್ಲೇನು? ಆ ಮುಳ್ಳು ನಲವತ್ತು ದಾಟಿತು ಅಂದ್ರ ನಾನು ಇಲ್ಲೇ ಇಳೀತೀನಿ" ಎಂದೆ. ಅವನು ನಾಲಿಗೆ ಕಚ್ಚಿಕೊಂಡ.

ಅಂದಿನಿಂದ ಮುಳ್ಳು ನಲವತ್ತು ದಾಟಲಿಲ್ಲ. ತಿರುವಿನಲ್ಲಿ ಹಾರ್ನ್, ಶಾಲೆ ಕಂಡರೆ ಬ್ರೇಕ್, ದನ ಅಡ್ಡ ಬಂದರೆ ತಾಳ್ಮೆ. ನಾನು ಉಬ್ಬಿಹೋದೆ. ಅವನನ್ನು ಮಾಡೆಲ್ ಡ್ರೈವರ್ ಎಂದು ಕರೆದು ಬರೆದೆ. "ನಮ್ಮ ಡ್ರೈವರ್‌ಗಳು ಕೆಟ್ಟವರಲ್ಲ, ಹೇಳುವವರು ಬೇಕು ಅಷ್ಟೇ" ಎಂದು ಉಪದೇಶವನ್ನೂ ಸೇರಿಸಿದೆ. ನೀವೆಲ್ಲ ಮೆಚ್ಚಿ ಕಾರ್ಡು ಬರೆದಿರಿ. ಕೊಟ್ರೇಶನ ಹೆಂಡತಿ ಆ ಕಟಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಪಾಡಿಕೊಂಡಿದ್ದಳು.

ಆ ಗಾಡಿಯಲ್ಲಿ ನನಗೊಬ್ಬ ಗೆಳತಿಯಿದ್ದಳು. ಎಲೆ ಗಂಗಮ್ಮ. ಹರಪನಹಳ್ಳಿಯಲ್ಲಿ ವೀಳ್ಯದೆಲೆ ಕೊಂಡು ಹಡಗಲಿಯಲ್ಲಿ ಮಾರುವವಳು. ಹಿಂದಿನ ಸೀಟಿನಲ್ಲಿ ಐದು ಜನರ ನಡುವೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಾನು ಇಳಿದ ತಕ್ಷಣ ನನ್ನ ಸೀಟಿಗೆ ಬರುತ್ತಿದ್ದಳು.

"ಹೋಗಿ ಬರ್ರಿ ಅಮ್ಮಾರ. ನೀವು ಇಳದ್ರ ನನಗ ಪ್ರಮೋಷನ್ನು!"

ಗಾಡಿ ತುಂಬ ನಗು. ನಾನೂ ನಗುತ್ತಿದ್ದೆ.

ಹೋದ ತಿಂಗಳ ಎರಡನೇ ಮಂಗಳವಾರವೂ ನಕ್ಕೆವು. ನಾನು ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ ತಾರೀಖು ಬರೆಯುತ್ತಿದ್ದೆ. ಲೂನಾದಲ್ಲಿ ಬಂದ ಯಾರೋ ಗೇಟಿನಿಂದಲೇ ಕೂಗಿ ಹೇಳಿದರು. ಮುಂದಿನ ತಿರುವಿನಲ್ಲಿ ಲಾರಿಯನ್ನು ಓವರ್‌ಟೇಕ್ ಮಾಡಲು ಹೋದ ಕೊಟ್ರೇಶ, ಎದುರಿಗೆ ಬಸ್ಸು ಕಂಡು ಎಡಕ್ಕೆ ಎಳೆದಿದ್ದ. ಎಡಕ್ಕೆ ಹುಣಸೆ ಮರ. ಗಾಡಿಯ ಎಡಭಾಗದ ಮುಂದಿನ ಸೀಟು ಯಾವುದು ಎಂದು ನಿಮಗೆ ಹೇಳಬೇಕಾಗಿಲ್ಲ.

ಗಂಗಮ್ಮ ಅಲ್ಲೇ ಹೋದಳು. ಕೊಟ್ರೇಶನ ಎಡಗಾಲು ಪುಡಿಯಾಯಿತು. ಈಗ ಅವನ ಮೇಲೆ ಕೇಸು.

ಹದಿನೈದು ದಿನ ಕಳೆದ ಮೇಲೆ ಧೈರ್ಯ ಮಾಡಿ ಹಡಗಲಿಗೆ, ಗಂಗಮ್ಮನ ಮನೆಗೆ ಹೋದೆ. ಗಂಡ ಹನುಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಎದ್ದು ಚಾಪೆ ಹಾಸಿದ. ಹೇಗೆ ಮಾತು ಶುರು ಮಾಡಬೇಕೋ ತಿಳಿಯದೆ, "ನಿಧಾನ ಹೊಡೀತಿದ್ದನಲ್ಲಪ್ಪಾ, ಅವತ್ತು ಏನಾತು?" ಎಂದೆ.

ಹನುಮಪ್ಪ ನನ್ನ ಮುಖ ನೋಡಿದ. "ನಿಮಗ ಗೊತ್ತಿಲ್ಲೇನ್ರಿ?"

"ಏನು?"

"ಸ್ಟ್ಯಾಂಡಿನಾಗ ಚಾಷ್ಟಿ ಮಾಡ್ತಿದ್ರಲ್ರಿ. ಟೀಚರಮ್ಮ ಕುಂತ್ರ ನಲವತ್ತು, ಇಳದ್ರ ಎಂಬತ್ತು ಅಂತ. ಹಡಗಲಿ ಸ್ಟ್ಯಾಂಡಿಗೆ ಮೊದಲು ಬಂದ ಗಾಡಿಗೆ ಮೊದಲ ಪಾಳಿ. ಹಿಂದ ಬಿದ್ರ ವಾಪಸ್ ಹೋಗಾಕ ಸಂಜಿತನ ಕಾಯಬೇಕು. ನೀವು ಕುಂತಾಗ ಹೋದ ಟೈಮು ನೀವು ಇಳದ ಮ್ಯಾಲೆ ಹಿಡೀಬೇಕಲ್ರಿ ಅವ."

ಆಮೇಲೆ ಸೇರಿಸಿದ: "ನಮ್ಮಾಕಿನೂ ಬಂದು ಹೇಳಿ ನಗತಿದ್ಲು. ಉಳಿದ ದಿನಕ್ಕಿಂತ ಮಂಗಳವಾರ ಜರಾ ಜೋರು ಅಂತ."

ಜರಾ ಜೋರು. ಮಂಗಳವಾರ. ಅಂದರೆ ನನ್ನ ದಿನ.

"ನೀವು ಹಡಗಲಿತನ ಬರಾಕಿ ಆಗಿದ್ರ ಚಲೋ ಇತ್ತು ನೋಡ್ರಿ" ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಳ್ಳಾರಿಯ ನಮ್ಮ ಕಾನ್ವೆಂಟ್ ನೆನಪಾಯಿತು. ಸಿಸ್ಟರ್ ಇದ್ದಷ್ಟು ಹೊತ್ತು ಪಿನ್ ಡ್ರಾಪ್ ಸೈಲೆನ್ಸ್. ಅವರ ಶೂ ಸದ್ದು ವರಾಂಡದ ಕೊನೆ ಮುಟ್ಟಿತೋ ಇಲ್ಲವೋ, ಚಾಕ್‌ಪೀಸುಗಳು ಹಾರಾಡುತ್ತಿದ್ದವು. ನಾವು ಕಲಿತದ್ದು ಶಿಸ್ತನ್ನಲ್ಲ, ಶೂ ಸದ್ದು ಕೇಳುವುದನ್ನು. ಮುಂದೆ ಮೂವತ್ತು ವರ್ಷ ನಾನೂ ಟೀಚರಾಗಿ ಅದನ್ನೇ ಕಲಿಸಿದೆ. ಕೊಟ್ರೇಶನಿಗೂ ಅದನ್ನೇ ಕಲಿಸಿದೆ.

ತುಂಬಿದ ಗಾಡಿ ಎಂಬತ್ತರಲ್ಲಿದ್ದರೆ ಬ್ರೇಕ್ ತುಳಿದ ಮೇಲೂ ಎಷ್ಟು ದೂರ ಓಡುತ್ತದೆ ಎಂದು ಅವನೊಂದಿಗೆ ಒಂದು ದಿನವಾದರೂ ಮಾತಾಡಿದೆನೆ? ಅಷ್ಟು ಅವಸರ ಯಾಕಪ್ಪಾ ಎಂದು ಕೇಳಿದೆನೆ? ಕೇಳಿದ್ದರೆ ಪಾಳಿಯ ವಿಷಯ ಬರುತ್ತಿತ್ತು. ಸ್ಟ್ಯಾಂಡಿನವರಿಗೆ, ಮಂಗಳವಾರ ಇವನ ಪಾಳಿ ಹಿಡಿದಿಡ್ರಪ್ಪಾ ಎಂದು ಹೇಳಬಹುದಿತ್ತು. ನಾನು ಮುಳ್ಳು ನೋಡಿದೆ, ಅಷ್ಟೇ. ಅದೂ ನನ್ನ ಸ್ಟಾಪ್ ಬರುವ ತನಕ.

ಲೈಸೆನ್ಸ್ ಕೊಡುವವರೂ ಹೀಗೇ ಅಲ್ಲವೇ? ಇನ್‌ಸ್ಪೆಕ್ಟರ್ ಪಕ್ಕದಲ್ಲಿದ್ದಾಗ ಎಂಟು ಹಾಕಿ ತೋರಿಸದವರು ಯಾರಿದ್ದಾರೆ? ಅವರು ಇಳಿದ ಮೇಲೆ ಟೆಸ್ಟ್ ಮುಗಿಯಿತೋ, ಶುರುವಾಯಿತೋ?

ಇಷ್ಟೆಲ್ಲ ಮನಸ್ಸಿನಲ್ಲಿ ಕುದಿಯುತ್ತಿರುವಾಗಲೇ ಸೋಮವಾರ ಆ ಹೆಣ್ಣುಮಗಳು ಬಂದದ್ದು.

ಹಾಳೆ ತೆಗೆದೆ. ನನ್ನ ಕಾನ್ವೆಂಟ್ ಅಕ್ಷರದಲ್ಲಿ ಬರೆದು ಅವಳಿಗೆ ಓದಿ ಹೇಳಿದೆ: ನಾನು ಗಾಡಿಯಲ್ಲಿದ್ದಾಗ ಕೊಟ್ರೇಶ ನಲವತ್ತು ದಾಟಿಸಿದ್ದನ್ನು ನೋಡಿಲ್ಲ. ನಾನು ಇಳಿದ ಮೇಲೆ ಜೋರಾಗಿ ಓಡಿಸುತ್ತಿದ್ದ.

"ಎರಡನೇದು ಬ್ಯಾಡ್ರಿ" ಎಂದಳು.

"ಅದೂ ಖರೇನ ಐತಿ ತಾಯಿ."

"ಮೂರು ಮಕ್ಳು ಅದಾವ್ರಿ ಅಮ್ಮಾರ. ಅವರು ಇನ್ನ ಕ್ಲಚ್ ತುಳಿಯಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ಜೇಲಿಗೂ ಕಳಿಸ್ತೀರೇನು?"

ಪೆನ್ನನ್ನು ಆ ಸಾಲಿನ ಮೇಲೆ ತಂದೆ. ಹೊಡೆದು ಹಾಕಲು ಕೈ ಬರಲಿಲ್ಲ. ಹನುಮಪ್ಪನ ಚಾಪೆಯ ಮೇಲೆ ಕೂತು ಬಂದವಳಲ್ಲವೇ?

ಅವಳು ಹಾಳೆಯನ್ನು ನನ್ನ ಕಡೆಗೇ ತಳ್ಳಿ ಎದ್ದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ಜೋರು ಹೊಡೀತಿದ್ರು ಅಂತ ನಿಮಗ ಹೆಂಗ ಗೊತ್ತು? ನೀವು ಗಾಡ್ಯಾಗ ಇದ್ರೇನು?"

ಇರಲಿಲ್ಲ. ನಾನು ಸೇಫಾಗಿ ಇಳಿದಿದ್ದೆ.